ನೀರಿನಲ್ಲಿ ಏನನ್ನು ಹುಡುಕಬೇಕು?

ಎಲ್ಲರಿಗೂ ನಮಸ್ಕಾರ. ತೋಟದ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರು ತೋಡಿಗೆ ಸೇರಿದರೆ ಊರಿಗೆಲ್ಲ ಗೊತ್ತಾಗುತ್ತದೆ. ನೀರು ಕಪ್ಪಾಗುತ್ತದೆ, ನಾರುತ್ತದೆ, ಮೀನು ಸಾಯುತ್ತವೆ. ಜನ ದೂರು ಕೊಡುತ್ತಾರೆ. ಸೀಸ, ಕೀಟನಾಶಕ, ಕಾರ್ಖಾನೆಯ ರಾಸಾಯನಿಕಗಳು ಹಾಗಲ್ಲ. ಬಣ್ಣ, ವಾಸನೆ ಯಾವುದೂ ಇಲ್ಲದೆ ಲೋಟದೊಳಗೆ ಬಂದಿರುತ್ತವೆ.

"ನೀರು ಟೆಸ್ಟ್ ಮಾಡಿಸಿದ್ದೇವೆ, ಚೆನ್ನಾಗಿದೆಯಂತೆ" ಎಂದು ತುಂಬಾ ಜನ ಹೇಳುತ್ತಾರೆ. ಏನನ್ನು ಟೆಸ್ಟ್ ಮಾಡಿದರು ಎಂದು ಕೇಳಿದರೆ ಗೊತ್ತಿರುವುದಿಲ್ಲ. ಲ್ಯಾಬ್‌ನವರು ಹುಡುಕಿದ್ದಕ್ಕೆ ಮಾತ್ರ ಉತ್ತರ ಸಿಗುತ್ತದೆ. ಜಲ ಜೀವನ್ ಮಿಷನ್‌ನ ನೀರು ಪರೀಕ್ಷೆ ಕಿಟ್ ಹಿಡಿದು ಊರು ಸುತ್ತುವ ಅಕ್ಕಂದಿರ ಬಗ್ಗೆ ನನಗೆ ಬಹಳ ಗೌರವ. ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಇವೆಲ್ಲ ಅದರಲ್ಲಿ ತಿಳಿಯುತ್ತವೆ. ಕೀಟನಾಶಕ ತಿಳಿಯುವುದಿಲ್ಲ.

ಇನ್ನು ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಲವಣಗಳು ಒಟ್ಟು ಎಷ್ಟಿವೆ ಎಂದು ತೋರಿಸುವ ಮೀಟರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದರಲ್ಲಿ ಕಾಣುವ ಅತಿ ಚಿಕ್ಕ ಅಂಕಿ ಲೀಟರಿಗೆ 1 ಮಿಲಿಗ್ರಾಂ. ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಸೀಸದ ಮಿತಿ 0.01 ಮಿಲಿಗ್ರಾಂ. ಮಿತಿಗಿಂತ 50 ಪಟ್ಟು ಸೀಸ ಇದ್ದರೂ ಆ ಮೀಟರಿಗೆ ಗೊತ್ತಾಗುವುದಿಲ್ಲ! ಕೊಡಗಿನಲ್ಲಿ ಟಿಡಿಎಸ್ ಕಡಿಮೆ ಬಂದರೆ ಖುಷಿಪಡುತ್ತೇವೆ. ಆದರೆ ನಮ್ಮದು ಹುಳಿ ಮಣ್ಣು, ಅದಕ್ಕೇ ತೋಟಕ್ಕೆ ಸುಣ್ಣ ಹಾಕುತ್ತೇವೆ ಅಲ್ವಾ? ಮೆದುವಾದ, ಹುಳಿ ಗುಣದ ನೀರು ಹಳೇ ನಲ್ಲಿಯ ಹಿತ್ತಾಳೆಯಿಂದ, ಬೆಸುಗೆಯಿಂದ ಲೋಹವನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಸೀಸ ಅಲ್ಲೇ ಉಳಿಯುತ್ತದೆ.

ಹಾಗಾದರೆ ಏನನ್ನು ಹುಡುಕಿಸಬೇಕು? ನಿಮ್ಮ ಬಾವಿಯ ಮೇಲ್ಭಾಗದಲ್ಲಿ ಏನು ಬಳಸುತ್ತಾರೆ ನೋಡಿ. ಕಾಫಿಯ ಕಾಂಡಕೊರಕಕ್ಕೆ ಹಿಂದೆ ಲಿಂಡೇನ್ ಬಳಿಯುತ್ತಿದ್ದರು, ಆಮೇಲೆ ಕ್ಲೋರ್‌ಪೈರಿಫಾಸ್ ಬಂತು. ನೀರಿನಲ್ಲಿ ಇವುಗಳ ಮಿತಿ ಲೀಟರಿಗೆ 2 ಮತ್ತು 30 ಮೈಕ್ರೋಗ್ರಾಂ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಕಡೆ ತಾಮ್ರ ನೋಡಿಸಿ. ಗದ್ದೆಯಲ್ಲಿ ಶುಂಠಿ ಹಾಕಿದ್ದರೆ ಅಲ್ಲಿ ಹೊಡೆದ ಔಷಧಿಯ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಪೆಟ್ರೋಲ್ ಬಂಕ್ ಪಕ್ಕದವರು ಪೆಟ್ರೋಲಿನಲ್ಲಿರುವ ಬೆಂಜೀನ್ ಟೆಸ್ಟ್ ಮಾಡಿ ಎಂದು ಕೇಳಬೇಕು.

ಔಷಧಿ ಹೊಡೆದ ನಂತರ ಬರುವ ಮೊದಲ ಜೋರು ಮಳೆಯ ನೀರನ್ನು ಹಿಡಿಯಿರಿ. ಬಿರುಬೇಸಿಗೆಯಲ್ಲಿ ಒಮ್ಮೆ ಟೆಸ್ಟ್ ಮಾಡಿಸಿ ಸುಮ್ನೆ ಕೂತರೆ ಆಗದು. ಕೀಟನಾಶಕಕ್ಕೆ ಕಂದು ಬಣ್ಣದ ಗಾಜಿನ ಬಾಟಲಿ ಬೇಕು, ಐಸ್‌ನಲ್ಲಿಟ್ಟು ಸಾಗಿಸಬೇಕು. ಲೋಹಕ್ಕೆ ಪ್ಲಾಸ್ಟಿಕ್ ಬಾಟಲಿ. ಲ್ಯಾಬ್‌ನವರೇ ಬಾಟಲಿ ಕೊಟ್ಟರೆ ಒಳ್ಳೆಯದು. ನಲ್ಲಿಯ ಸೀಸ ನೋಡಬೇಕಾದರೆ ಬೆಳಿಗ್ಗೆ ಎದ್ದ ಕೂಡಲೇ ಬರುವ ಮೊದಲ ನೀರು ಹಿಡಿಯಬೇಕು, ಹರಿಯಬಿಡಬಾರದು.

ಲ್ಯಾಬ್‌ಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ನಿಮ್ಮ ಲ್ಯಾಬ್‌ಗೆ ಇದ್ದರೆ ಸಾಲದು, ನೀವು ಕೇಳುವ ರಾಸಾಯನಿಕಕ್ಕೇ ಇದೆಯಾ ಎಂದು ಕೇಳಿ. ವರದಿಯಲ್ಲಿ 'ಬಿಡಿಎಲ್' ಎಂದು ಬಂದರೆ ಪತ್ತೆ ಮಿತಿಗಿಂತ ಕಡಿಮೆ ಎಂದರ್ಥ, ಸೊನ್ನೆ ಎಂದಲ್ಲ. ಆ ಪತ್ತೆ ಮಿತಿ ಎಷ್ಟು ಎಂದು ಬರೆಸಿಕೊಳ್ಳಿ. ಅದೇ ಮಾನದಂಡಕ್ಕಿಂತ ದೊಡ್ಡದಿದ್ದರೆ ಆ ವರದಿಯಿಂದ ಏನೂ ಉಪಯೋಗವಿಲ್ಲ.

ಪಿಎಫ್‌ಎಎಸ್ ಎಂಬ, ಬೇಗ ಕೊಳೆಯದ ರಾಸಾಯನಿಕಗಳ ಬಗ್ಗೆ ಕೆಲವರು ಕೇಳಿದ್ದೀರಿ. ಅಂಟದ ಪಾತ್ರೆಗಳಿಂದ ಹಿಡಿದು ಬೆಂಕಿ ಆರಿಸುವ ನೊರೆಯವರೆಗೆ ಇವನ್ನು ಬಳಸಿದ್ದಾರೆ. ಇವುಗಳಲ್ಲಿ ಎರಡಕ್ಕೆ ಅಮೆರಿಕ 2024ರಲ್ಲಿ ಲೀಟರಿಗೆ 4 ನ್ಯಾನೋಗ್ರಾಂ ಮಿತಿ ಹಾಕಿತು. ನಮ್ಮ 2012ರ ಮಾನದಂಡದ ಪಟ್ಟಿಯಲ್ಲಿ ಇವು ಇಲ್ಲವೇ ಇಲ್ಲ. ಸೇರಿಸಿ ಎಂದು ನಾವು ಕೇಳಲೇಬೇಕು.

ಇದೆಲ್ಲಕ್ಕೂ ದುಡ್ಡು ಬೇಕು, ಒಂದು ಮನೆಗೆ ಭಾರ. ಹತ್ತು ಮನೆ ಸೇರಿ ಒಂದೇ ಬಾವಿಯ ನೀರು ಕಳಿಸಿ, ಗ್ರಾಮಸಭೆಯಲ್ಲಿ ವರದಿ ಓದಿಸಿ. ಮೊದಲ ಬಾಟಲಿ ತೋಟದ ಕಾರ್ಮಿಕರು ಇರುವ ಲೈನ್‌ಮನೆಯ ನಲ್ಲಿಯಿಂದ ತುಂಬಿಸಿ ಎಂದು ಕೇಳಿಕೊಳ್ಳುತ್ತೇನೆ. ಔಷಧಿ ಹೊಡೆಯುವವರು ಅಲ್ಲೇ ಇರುತ್ತಾರೆ, ಅವರ ಮಕ್ಕಳೂ ಅದೇ ನೀರು ಕುಡಿಯುತ್ತಾರೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.