ಕುಲುಮೆಯೊಳಗೇ ತೀರ್ಮಾನವಾಗುವ ಗುಣಮಟ್ಟ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಕಾರ್ಬನ್ ನ್ಯಾನೊಟ್ಯೂಬ್‌ಗಳನ್ನು ಬೆಳೆಸುವ ಬಗ್ಗೆ ಮಾತಾಡೋಣ. ಇವು ಬರೀ ಇಂಗಾಲದ ಪರಮಾಣುಗಳಿಂದಾದ ಕೊಳವೆಗಳು. ಒಂಟಿ ಗೋಡೆಯ ಕೊಳವೆಯ ಅಗಲ ಸಾಮಾನ್ಯವಾಗಿ ಒಂದೆರಡು ನ್ಯಾನೊಮೀಟರ್, ತಲೆಗೂದಲಿನ ದಪ್ಪದಲ್ಲಿ ಹತ್ತಾರು ಸಾವಿರದಲ್ಲೊಂದು ಪಾಲು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇವುಗಳ ಬಗ್ಗೆ ಬರೆದ ಮೇಲೆ ಜಗತ್ತಿನ ಗಮನ ಇತ್ತ ಹರಿಯಿತು.

ಬೆಳೆಸುವ ವಿಧಾನ ಕೇಳೋಕೆ ಸರಳ. ಕುಲುಮೆಯನ್ನು 750 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಎಥಿಲೀನ್‌ನಂಥ ಅನಿಲ ಹಾಯಿಸಬೇಕು. ಒಳಗೆ ಕಬ್ಬಿಣದ ಅತಿ ಸಣ್ಣ ಕಣಗಳಿರಬೇಕು. ಇವೇ ಕೆಟಲಿಸ್ಟ್, ಅಂದರೆ ಕ್ರಿಯಾವರ್ಧಕ. ಅನಿಲ ಕಣದ ಮೈಮೇಲೆ ಒಡೆಯುತ್ತದೆ. ಇಂಗಾಲ ಕಣಕ್ಕೆ ಸೇರುತ್ತಾ ಹೋಗಿ, ಇನ್ನು ಹಿಡಿಸದು ಎನ್ನುವಷ್ಟಾದಾಗ ಕೊಳವೆಯಾಗಿ ಹೊರಬರುತ್ತದೆ. ಕಣ ಎಷ್ಟು ಸಣ್ಣದೋ ಕೊಳವೆ ಅಷ್ಟು ಸಪೂರ.

ಈ ಕಣಕ್ಕೆ ಎರಡು ಅಪಾಯ. ಬಿಸಿಗೆ ಪಕ್ಕದ ಕಣಗಳ ಜೊತೆ ಕೂಡಿಕೊಂಡು ಅದು ದಪ್ಪಗಾಗಬಹುದು. ಅದಕ್ಕೇ ಸಿಲಿಕಾನ್ ಬಿಲ್ಲೆಗೆ ಮೊದಲು ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್ ಪದರ ಕೊಟ್ಟು, ಅದರ ಮೇಲೆ ಒಂದು ನ್ಯಾನೊಮೀಟರ್ ಆಸುಪಾಸಿನ ಕಬ್ಬಿಣದ ಪೊರೆ ಹಾಕುತ್ತಾರೆ. ಬಿಸಿಗೆ ಪೊರೆ ಒಡೆದು ಕಣಗಳಾಗುತ್ತದೆ. ಅಲ್ಯೂಮಿನಾ ಅವನ್ನು ಇದ್ದಲ್ಲೇ ಹಿಡಿದಿಡುತ್ತದೆ. ಎರಡನೆಯ ಅಪಾಯ ಇನ್ನೂ ಕಠಿಣ. ಲಾಂದ್ರದ ಗಾಜಿಗೆ ಮಸಿ ಹಿಡಿದಂತೆ ಕಣದ ಮೇಲೂ ಅಡ್ಡಾದಿಡ್ಡಿ ಇಂಗಾಲ ಕೂರುತ್ತದೆ. ಅನಿಲ ತಾಗದೆ ಕಣ ಸತ್ತುಹೋಗುತ್ತದೆ, ಕೊಳವೆ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ಮದ್ದು ಸಿಕ್ಕಿದ್ದು 2004ರಲ್ಲಿ, ಜಪಾನಿನ ತ್ಸುಕುಬಾದಲ್ಲಿ. ಕೆಂಜಿ ಹಾಟಾ, ಇಜಿಮಾ ಮತ್ತು ಸಂಗಡಿಗರು ಕುಲುಮೆಗೆ ಚೂರೇ ಚೂರು ನೀರಿನ ಆವಿ ಬಿಟ್ಟರು. ಅನಿಲದ ಹತ್ತು ಲಕ್ಷ ಪಾಲಿನಲ್ಲಿ ಹೆಚ್ಚೆಂದರೆ ಕೆಲವು ನೂರು ಪಾಲು, ಅಷ್ಟೇ. ನೀರು ಆ ಮಸಿಯನ್ನು ತೆಗೆಯಿತು, ಕೊಳವೆಯನ್ನು ಮುಟ್ಟಲಿಲ್ಲ. ಹತ್ತೇ ನಿಮಿಷದಲ್ಲಿ 2.5 ಮಿಲಿಮೀಟರ್ ಎತ್ತರದ ಕೊಳವೆಗಳ ಕಾಡು ಎದ್ದು ನಿಂತಿತು. ಬ್ಲೇಡಿನಿಂದ ಹೆರೆದು ತೆಗೆದರೆ ಕಬ್ಬಿಣ ಬಿಲ್ಲೆಯ ಮೇಲೇ ಉಳಿಯಿತು. ಕೈಗೆ ಬಂದ ಮಾಲಿನಲ್ಲಿ ಇಂಗಾಲ ಶೇಕಡಾ 99.98! ಈ ಕ್ಷೇತ್ರದಲ್ಲಿ ನನಗೆ ಇದರಷ್ಟು ಇಷ್ಟವಾದ ಕೆಲಸ ಇನ್ನೊಂದಿಲ್ಲ. ಹಾಗಂತ ನೀರು ಜಾಸ್ತಿಯಾದರೂ ಕೆಟ್ಟಿತು. ಎಥಿಲೀನಿಗೂ ನೀರಿಗೂ ಇರುವ ಪ್ರಮಾಣ ಸರಿಯಾಗಿ ಕೂಡಬೇಕು.

ಶುದ್ಧತೆಗೆ ಇಷ್ಟೊಂದು ಒದ್ದಾಟ ಯಾಕೆ, ಆಮೇಲೆ ತೊಳೆದುಕೊಂಡರೆ ಆಗಲ್ವಾ ಅಂತ ಕೇಳಬಹುದು. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲಿ ತಂಡ ರೂಪಿಸಿದ ಹಿಪ್ಕೊ ವಿಧಾನದಲ್ಲಿ ಕಬ್ಬಿಣ ಅನಿಲದ ಜೊತೆಗೇ ಬರುತ್ತದೆ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 1990ರ ದಶಕದ ಕೊನೆಯಲ್ಲಿ ಫೆರೊಸೀನ್ ಬಳಸಿದಾಗಲೂ ಹಾಗೆಯೇ. ಆ ಅಣುವಿನೊಳಗೇ ಕಬ್ಬಿಣವೂ ಇದೆ, ಇಂಗಾಲವೂ ಇದೆ. ಬಿಲ್ಲೆಯೇ ಬೇಡ, ಅದು ದೊಡ್ಡ ಅನುಕೂಲ. ಆದರೆ ಕಬ್ಬಿಣ ಮಾಲಿನೊಳಗೇ ಉಳಿಯುತ್ತದೆ. ಅದನ್ನು ತೆಗೆಯಲು ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಕೊಳವೆಯ ಗೋಡೆಯೂ ಕಚ್ಚಿಹೋಗುತ್ತದೆ. ಕಬ್ಬಿಣ ಹೋಯಿತು, ಹುಳುಕು ಬಂತು.

ಆ ಹುಳುಕನ್ನು ತೋರಿಸುವುದು ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮ. ಮಾಲಿನ ಮೇಲೆ ಲೇಸರ್ ಬೆಳಕು ಬಿಟ್ಟು, ಚದುರಿ ಬಂದ ಬೆಳಕಿನ ನಕ್ಷೆ ತೆಗೆದಾಗ ಪ್ರತಿ ಸೆಂಟಿಮೀಟರಿಗೆ 1590 ಅಲೆಗಳ ಹತ್ತಿರ ಜಿ ಅನ್ನುವ ಶಿಖರ, 1350ರ ಹತ್ತಿರ ಡಿ ಅನ್ನುವ ಶಿಖರ ಏಳುತ್ತವೆ. ಮೊದಲನೆಯದು ಅಚ್ಚುಕಟ್ಟಾದ ಗೋಡೆಯದು, ಎರಡನೆಯದು ದೋಷದ್ದು. ಡಿ ಎಷ್ಟು ತಗ್ಗಿದ್ದರೆ ಅಷ್ಟು ಒಳ್ಳೆಯದು. ಇನ್ನೊಂದು ಪರೀಕ್ಷೆಯಲ್ಲಿ ಮಾಲನ್ನು ಗಾಳಿಯಲ್ಲಿ ಪೂರ್ತಿ ಸುಟ್ಟು, ಉಳಿದ ಬೂದಿ ತೂಗುತ್ತಾರೆ. ಆ ಬೂದಿ ಮುಖ್ಯವಾಗಿ ಕಬ್ಬಿಣದ ಆಕ್ಸೈಡ್. ಕೊಳ್ಳುವವರು ಎರಡೂ ಅಂಕಿ ಕೇಳಿ ಪಡೆಯಬೇಕು. ಬರೀ ಶುದ್ಧತೆಯ ಶೇಕಡಾವಾರು ನೋಡಿದರೆ ಸಾಲದು.

ಇನ್ನೊಂದು ತೊಡಕಿದೆ. ಇಂಗಾಲದ ಹಾಳೆ ಯಾವ ಕೋನದಲ್ಲಿ ಸುತ್ತಿಕೊಂಡಿದೆ ಅನ್ನುವುದರ ಮೇಲೆ ಕೊಳವೆ ಲೋಹದಂತೆ ವರ್ತಿಸುತ್ತದೋ ಅರೆವಾಹಕದಂತೋ ನಿರ್ಧಾರವಾಗುತ್ತದೆ. ಸುಮ್ನೆ ಬೆಳೆಯಲು ಬಿಟ್ಟರೆ ಮೂರರಲ್ಲೊಂದು ಪಾಲು ಲೋಹ, ಉಳಿದದ್ದು ಅರೆವಾಹಕ. ಟ್ರಾನ್ಸಿಸ್ಟರ್ ಮಾಡುವವರಿಗೆ ಈ ಮಿಶ್ರಣ ಆಗದು. 2014ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ತಂಡವೊಂದು ಕಬ್ಬಿಣ ಬಿಟ್ಟು ಟಂಗ್‌ಸ್ಟನ್ ಮತ್ತು ಕೋಬಾಲ್ಟ್ ಮಿಶ್ರಲೋಹ ಬಳಸಿತು. ಕುಲುಮೆಯ ಬಿಸಿಗೂ ಅದು ಕರಗದೆ ತನ್ನ ಆಕಾರ ಉಳಿಸಿಕೊಂಡಿತು. ಬೆಳೆದ ಕೊಳವೆಗಳಲ್ಲಿ ಶೇಕಡಾ 92ಕ್ಕೂ ಹೆಚ್ಚು ಒಂದೇ ಬಗೆಯ ಸುತ್ತಿನವು. ಆ ಬಗೆ ಲೋಹದ ಸ್ವಭಾವದ್ದು. ಅರೆವಾಹಕ ಕೊಳವೆಗೂ ಅಂಥದೇ ಹಿಡಿತ ಸಾಧಿಸಿ, ಬಿಲ್ಲೆಯಿಂದ ಬಿಲ್ಲೆಗೆ ಅದನ್ನೇ ಉಳಿಸಿಕೊಳ್ಳುವುದು ಈಗ ಲ್ಯಾಬುಗಳ ಮುಂದಿರುವ ಕೆಲಸ. ನಮಸ್ಕಾರ.