ಗಂಟು ಬಿಚ್ಚಿ ಓದುವವರು ಬೇಕು

ನಮಸ್ಕಾರ, ಹಾಸನದಿಂದ ಮಾತಾಡುತ್ತಿದ್ದೇನೆ. ವಿಶ್ವವಿದ್ಯಾಲಯಗಳ ಹಸ್ತಪ್ರತಿ ಭಂಡಾರ ಅಂದರೆ ಸಾಕು, ನಿಧಿ, ಖಜಾನೆ ಅಂತೆಲ್ಲ ಹೊಗಳುತ್ತೇವೆ. ಹೊಗಳೋಣ. ಆದರೆ ಆ ಗಂಟು ಬಿಚ್ಚಿ ಓದುವವರು ಯಾರು ಸ್ವಾಮಿ?

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೇ ನೋಡಿ. 1891ರಲ್ಲಿ ಶುರುವಾಗಿ, ಆಮೇಲೆ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ ಸಂಸ್ಥೆ. 1905ರ ಸುಮಾರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ತಾಳೆಗರಿ ಕಟ್ಟೊಂದನ್ನು ಕೊಟ್ಟು ಹೋದರು. ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಅನ್ನುವ ಲಿಪಿಯಲ್ಲಿತ್ತು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಓದುತ್ತಾ ಹೋದರೆ, ಕೌಟಿಲ್ಯನ ಅರ್ಥಶಾಸ್ತ್ರ! ಹೆಸರು ಕೇಳಿದ್ದರೇ ಹೊರತು ಪೂರ್ತಿ ಗ್ರಂಥ ಕಳೆದೇ ಹೋಯಿತು ಅಂದುಕೊಂಡಿದ್ದರು. 1909ರಲ್ಲಿ ಅಚ್ಚಾಯಿತು, 1915ರಲ್ಲಿ ಇಂಗ್ಲಿಷಿಗೂ ಬಂತು. ಶಾಸ್ತ್ರಿಗಳಿಗೆ ಆ ಲಿಪಿ ಬಾರದೇ ಇದ್ದಿದ್ದರೆ? ಕಟ್ಟಿಗೊಂದು ನಂಬರ್ ಬೀಳುತ್ತಿತ್ತು, ಅಷ್ಟೇ.

ಪಕ್ಕದ ಚಿಕ್ಕಮಗಳೂರಿನ ಶೃಂಗೇರಿ ಕಥೆಯೂ ಇಂಥದ್ದೇ. 1791ರಲ್ಲಿ ಮರಾಠಾ ಕುದುರೆ ಸವಾರರು ಮಠ ಲೂಟಿ ಮಾಡಿದರು. ಟಿಪ್ಪು ಸುಲ್ತಾನ್ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿ, ದೇವರ ಪ್ರತಿಷ್ಠೆಗೆ ನೆರವು ಕೊಡಿಸಿದ. ಆ ಕಾಗದಗಳು ಮಠದಲ್ಲೇ ಇದ್ದವು. 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಕಂಡ ಮೇಲೆ ಹೊರಗಿನವರಿಗೆ ಗೊತ್ತಾಯಿತು. ಟಿಪ್ಪು ಹೆಸರು ಹೇಳಿ ಟೀವಿಯಲ್ಲಿ ಕಿರುಚಾಡುವ ಎರಡೂ ಕಡೆಯವರು ಅವನ್ನು ಓದಿದ್ದಾರಾ? ನನಗಂತೂ ಅನುಮಾನ.

ನಮ್ಮ ಹಲ್ಮಿಡಿ ಶಾಸನ ಮೈಸೂರಿಗೆ ಹೋಯಿತು ಅಂತ ಕೆಲವರಿಗೆ ಬೇಜಾರಿದೆ. ನನಗಿಲ್ಲ. ಅದು ಕಲ್ಲು, ಭದ್ರವಾಗಿದೆ, ಓದಿಯೂ ಆಗಿದೆ.

ನನ್ನ ಚಿಂತೆ ಕಡತಗಳದ್ದು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಪುಡಿ ಬಳಿದು, ಬಳಪದಲ್ಲಿ ಬರೆಯುತ್ತಿದ್ದ ಮಡಿಕೆ ಪುಸ್ತಕಗಳು. ಊರಿನ ಲೆಕ್ಕ ಬರೆಯುತ್ತಿದ್ದ ಶಾನುಭೋಗರು ಇವುಗಳಲ್ಲೇ ಬರೆದಿಡುತ್ತಿದ್ದರು. ಅರವತ್ತರ ದಶಕದಲ್ಲಿ ಶಾನುಭೋಗಿಕೆ ರದ್ದಾಯಿತು. ಹಳೇ ಲೆಕ್ಕಗಳು ಎಷ್ಟೋ ಮನೆಗಳ ಅಟ್ಟದಲ್ಲೇ ಉಳಿದವು. ಯಾವ ಕೆರೆಗೆ ಯಾರು ದುಡಿದರು, ಯಾವ ಗದ್ದೆಗೆ ಎಷ್ಟು ಕಂದಾಯ, ಇಂಥವು. ರಾಜರ ಕಥೆಗಿಂತ ನನಗೆ ಇದೇ ಜಾಸ್ತಿ ರುಚಿ.

ಹಾಸನಕ್ಕೆ 2023ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬಂತಲ್ಲ, ಈ ಕಡತಗಳ ಚಿತ್ರ ತೆಗೆದು ಓದಿಸುವ ಕೆಲಸ ಅಲ್ಲೇ ಶುರುವಾಗಲಿ. ಮೂಲ ಪ್ರತಿ ಮನೆಯವರ ಹತ್ತಿರವೇ ಇರಲಿ, ಚಿತ್ರ ಲೈಬ್ರರಿಯಲ್ಲಿರಲಿ. ಕೊಟ್ಟರೆ ವಾಪಸ್ ಬರುತ್ತಾ ಅನ್ನುವ ಭಯ ಜನರಿಗಿದೆ, ಅದು ಸುಮ್ನೆ ಹುಟ್ಟಿದ್ದಲ್ಲ. ಇನ್ನೊಂದು ಮಾತು. ದುಬಾರಿ ಸ್ಕ್ಯಾನರ್ ಆಮೇಲೆ ತನ್ನಿ, ಮೊದಲು ಮೋಡಿ ಅಕ್ಷರ, ಅಂದರೆ ಕೂಡಿಸಿ ವೇಗವಾಗಿ ಬರೆದ ಹಳೇ ಬರಹ, ಓದಬಲ್ಲ ಒಬ್ಬರಿಗೆ ಸಂಬಳ ಕೊಡಿ. ಅವರ ಜೊತೆ ನಾಲ್ಕು ಹುಡುಗರು ಕೂತು ಕಲಿಯಲಿ.

ಅಲ್ಲಿಯವರೆಗೆ ಮನೆಯಲ್ಲಿ ಕಡತ ಇರುವವರು ಫೋನಿನಲ್ಲೇ ಫೋಟೋ ತೆಗೆದಿಡಿ. ಯಾವ ಊರಿನದು, ಯಾರ ಕಾಲದ್ದು ಅಂತ ಅಜ್ಜಿಯನ್ನು ಕೇಳಿ ಬರೆದಿಡಿ. ನವರಾತ್ರಿ ಪೂಜೆಗೆ ಇಡುವಾಗ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಳಪದ ಅಕ್ಷರ ಹೊರಟೇ ಹೋಗುತ್ತದೆ. ಹಳೇ ಕಾಗದಗಳಿಗೆ ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.