ನೀರಿನ ತೂಬಿನಲ್ಲಿ ಬರುವ ಸುದ್ದಿ
(ರಾಯಚೂರಿನ ಪದವಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ವಿದ್ಯಾರ್ಥಿ ಮಿತ್ರರೇ,

ಈ ಬಟ್ಟಲಿನಲ್ಲಿ ಹಸಿ ಆಲೂಗಡ್ಡೆಯ ಹೋಳಿದೆ. ಅದರ ಮೇಲೆ ಔಷಧಿ ಅಂಗಡಿಯಲ್ಲಿ ತಂದ ಹೈಡ್ರೋಜನ್ ಪೆರಾಕ್ಸೈಡ್ ನಾಲ್ಕು ಹನಿ ಬಿಡುತ್ತೇನೆ. ನೋಡಿ, ಬುಸುಬುಸು ನೊರೆ ಏಳುತ್ತಿದೆ. ಕತ್ತರಿಸಿದ ಜೀವಕೋಶಗಳಿಂದ ಹೊರಬಿದ್ದ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ಒಡೆದು ನೀರು, ಆಮ್ಲಜನಕ ಮಾಡುತ್ತಿದೆ. ಇಷ್ಟು ಬಿಗಿ ಕಾವಲು ಇಟ್ಟುಕೊಂಡ ಜೀವಕೋಶವೇ ಅದೇ ಪೆರಾಕ್ಸೈಡನ್ನು ಸುದ್ದಿ ಮುಟ್ಟಿಸಲು ಬೇಕೆಂದು ತಯಾರಿಸುತ್ತದೆ ಎಂದರೆ ನಂಬುತ್ತೀರಾ?

ಪೆರಾಕ್ಸೈಡ್, ಸೂಪರ್‌ಆಕ್ಸೈಡ್, ಹೈಡ್ರಾಕ್ಸಿಲ್ ಇವೆಲ್ಲ ಆಮ್ಲಜನಕದಿಂದ ಹುಟ್ಟಿ ಬೇರೆ ಅಣುಗಳೊಡನೆ ಬೇಗ ಪ್ರತಿಕ್ರಿಯಿಸುವ ಚುರುಕು ಸಂತತಿ, ಆದರೆ ಎಲ್ಲರ ಗುಣ ಒಂದೇ ಅಲ್ಲ. ಸೂಪರ್‌ಆಕ್ಸೈಡ್ ಋಣ ವಿದ್ಯುದಂಶ ಹೊತ್ತಿರುವುದರಿಂದ ಕೊಬ್ಬಿನ ಕೋಶಪೊರೆಯನ್ನು ಸುಲಭವಾಗಿ ದಾಟಲಾರದು. ಹೈಡ್ರಾಕ್ಸಿಲ್ ಮುಂಗೋಪಿ, ಹುಟ್ಟಿದ ಜಾಗದಲ್ಲೇ ಪಕ್ಕದವರ ಮೇಲೆ ಎರಗಿ ಮುಗಿದುಹೋಗುತ್ತದೆ. ದೂರ ಹೋಗಿ ಸುದ್ದಿ ಮುಟ್ಟಿಸುವ ತಾಳ್ಮೆ ಇರುವುದು ಪೆರಾಕ್ಸೈಡಿಗೆ.

ಅದು ಪೊರೆಯ ಮೂಲಕ ತಾನಾಗಿಯೇ ಜಿನುಗುತ್ತದೆ ಎಂದು ಬಹುಕಾಲ ಪಾಠ ಹೇಳುತ್ತಿದ್ದೆವು. ನಾನೂ ಹೇಳಿದ್ದೇನೆ, ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು. ಸ್ವಲ್ಪ ಜಿನುಗುವುದು ನಿಜ, ಆದರೆ ಅದಕ್ಕೊಂದು ಬಾಗಿಲೂ ಇದೆ. ಅಮೆರಿಕದ ವಿಜ್ಞಾನಿ ಪೀಟರ್ ಆಗ್ರೆ ರಕ್ತದ ಗುಂಪಿಗೆ ಸಂಬಂಧಿಸಿದ ಆರ್‌ಎಚ್ ಪ್ರೋಟೀನನ್ನು ಹುಡುಕುತ್ತಿದ್ದಾಗ ಕಲಬೆರಕೆಯಂತೆ ಇನ್ನೊಂದು ಪ್ರೋಟೀನ್ ಮತ್ತೆ ಮತ್ತೆ ಎದುರಾಯಿತು. 1992ರಲ್ಲಿ ಅದನ್ನು ಕಪ್ಪೆಯ ಮೊಟ್ಟೆಗಳಲ್ಲಿ ತಯಾರಾಗುವಂತೆ ಮಾಡಿ ನೀರಿಗೆ ಬಿಟ್ಟಾಗ, ಮೊಟ್ಟೆಗಳು ನಿಮಿಷಗಳಲ್ಲಿ ಉಬ್ಬಿ ಒಡೆದವು. ಆ ಪ್ರೋಟೀನ್ ನೀರಿನ ತೂಬು! ಅಕ್ವಾಪೋರಿನ್ ಎಂದು ಹೆಸರಾಯಿತು, 2003ರಲ್ಲಿ ನೊಬೆಲ್ ಬಂತು. ಪೆರಾಕ್ಸೈಡ್ ರೂಪದಲ್ಲಿ ನೀರಿನ ದಾಯಾದಿಯಲ್ಲವೇ? ಕೆಲವು ಅಕ್ವಾಪೋರಿನ್‌ಗಳು ಅದನ್ನೂ ಒಳಗೆ ಬಿಡುತ್ತವೆ. 2007ರಲ್ಲಿ ಅಂಥ ತೂಬನ್ನು ಯೀಸ್ಟ್‌ಗೆ ಜೋಡಿಸಿದಾಗ, ಪೆರಾಕ್ಸೈಡ್ ಬೆರೆಸಿದ ಮಾಧ್ಯಮದಲ್ಲಿ ಅದು ಬೆಳೆಯಲು ತಿಣುಕಾಡಿತು.

ಒಳಬಂದ ಪೆರಾಕ್ಸೈಡ್ ಮಾಡುವುದೇನು? ಇನ್ಸುಲಿನ್ ಸಂದೇಶವನ್ನು ಹಿಡಿಯುವ ಕೋಶದ ಗ್ರಾಹಿಯ ಮೇಲಿನ ಫಾಸ್ಫೇಟನ್ನು ಕಿತ್ತು ಸಂದೇಶ ಆರಿಸುವ ಕಿಣ್ವವೊಂದಿದೆ, ಪಿಟಿಪಿ1ಬಿ. ಅದರ ಶಕ್ತಿಯೆಲ್ಲ ಒಂದು ಗಂಧಕದ ಪರಮಾಣುವಿನಲ್ಲಿದೆ. ಪೆರಾಕ್ಸೈಡ್ ಅದನ್ನು ಉತ್ಕರ್ಷಿಸಿದರೆ ಕಿಣ್ವ ಸುಮ್ಮನಾಗುತ್ತದೆ, ಇನ್ಸುಲಿನ್ ಹೇಳಿದ ಮಾತು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಆಮೇಲೆ ಥಯೋರಿಡಾಕ್ಸಿನ್ ಎಂಬ ಪ್ರೋಟೀನ್ ಬಂದು ಗಂಧಕವನ್ನು ಮೊದಲಿನಂತೆ ಮಾಡುತ್ತದೆ.

ಆದರೆ ಒಂದು ತೊಡಕಿದೆ. ಕೋಶದೊಳಗೆ ಪೆರಾಕ್ಸಿರಿಡಾಕ್ಸಿನ್ ಎಂಬ ಪ್ರೋಟೀನ್ ಹೇರಳ. ಪೆರಾಕ್ಸೈಡ್ ಕಂಡೊಡನೆ ಹೀರಿಬಿಡುತ್ತದೆ. ಮೇಲ್ಭಾಗದವರು ನೀರು ಎಳೆದುಕೊಂಡರೆ ಕೊನೆ ಭಾಗಕ್ಕೆ ಉಳಿಯುವುದೇನೆಂದು ತುಂಗಭದ್ರಾ ಎಡದಂಡೆ ಕಾಲುವೆಯ ತುದಿಯಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಪೆರಾಕ್ಸೈಡ್ ಹುಟ್ಟಿಸುವ ಕಿಣ್ವ, ತೂಬು, ಪಿಟಿಪಿ1ಬಿಯಂಥ ಗುರಿ ಈ ಮೂರೂ ಪೊರೆಯಲ್ಲಿ ಒತ್ತೊತ್ತಾಗಿರಬೇಕು ಎಂಬ ವಾದ ನನಗೆ ಹಿಡಿಸುತ್ತದೆ. ತೂಬಿನ ಬಾಯಲ್ಲೇ ಇರುವ ಗದ್ದೆ ನೆನೆಯುವ ಹಾಗೆ.

ಇನ್ನು ಈ ಚುರುಕು ಸಂತತಿಯನ್ನು ಅಡಗಿಸಲೆಂದು ಆಂಟಿಆಕ್ಸಿಡೆಂಟ್ ಮಾತ್ರೆ ನುಂಗುವವರಿಗೊಂದು ಸುದ್ದಿ. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಯುವಕರು ನಾಲ್ಕು ವಾರ ವ್ಯಾಯಾಮ ಮಾಡಿದರು. ಅವರಲ್ಲಿ ಸಿ ಮತ್ತು ಇ ವಿಟಮಿನ್ ಮಾತ್ರೆ ನುಂಗಿದವರ ದೇಹ ಇನ್ಸುಲಿನ್‌ಗೆ ಸ್ಪಂದಿಸುವುದರಲ್ಲಿ ಸುಧಾರಣೆ ಕಾಣಲಿಲ್ಲ, ನುಂಗದವರಲ್ಲಿ ಕಂಡಿತು.